ನೆಟ್ಟಿನ ಮುಂದೆ ಇಬ್ಬರು

ನಮ್ಮ ಪಿ.ಟಿ. ಮಾಸ್ತರರ ಕುತ್ತಿಗೆಯ ಹಿಂದೆ ಸೀಟಿಯ ದಾರ ಉಜ್ಜಿ ಉಜ್ಜಿ ಕಪ್ಪು ಗೆರೆ ಬಿದ್ದಿತ್ತು. ಮುಖಕ್ಕಿಂತ ಆ ಗೆರೆಯೇ ನನಗೆ ಚೆನ್ನಾಗಿ ನೆನಪಿದೆ. ವಾಲಿಬಾಲ್ ತಂಡ ಆರಿಸುವಾಗ ಅವರು ನಮಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಸಂಜೆ ಬಿಸಿಲಿಗೆ ಶಾಲೆಯ ಗೋಡೆಯ ಮೇಲೆ ಹಾರುವ ನಮ್ಮ ನೆರಳುಗಳನ್ನಷ್ಟೇ ನೋಡಿ ಆರಿಸುವುದು ಅವರ ಪದ್ಧತಿ. “ಮಾರಿ ನೋಡಿದ್ರ ಮನಸ ಜಗ್ಗತೈತಿ. ನೆರಳಿಗೆ ಯಾರ ಮುಲಾಜೂ ಇಲ್ಲ,” ಅನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಮ್ಮೂರು ತಾಂಬಾದ ಶಾಲೆಯ ತಂಡದಲ್ಲಿ ತಾಳೆಮರದಂಥವರು ಇಬ್ಬರೇ: ನಾನು ಮತ್ತು ದರ್ಜಿ ಚಾಚಾನ ಮಗ. ನೆಟ್ಟಿನ ಮುಂದೆ ಎತ್ತರದವ ಒಬ್ಬ ಸಾಕು ಎಂಬುದು ಮಾಸ್ತರರ ಹಟ. “ಇಬ್ರೂ ಮುಂದ ನಿಂತ್ರ ಹಿಂದ ಚೆಂಡ ಎತ್ತಾವ್ರು ಯಾರು, ನಿಮ್ಮಜ್ಜನ?” ಎರಡು ವರ್ಷ ಆ ಒಂದು ಜಾಗ ನನಗೇ ಸಿಕ್ಕಿತು. ಅವನು ಪ್ರತಿ ಪಂದ್ಯಕ್ಕೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಹೊರಗೆ ಕೂತು, ಎದ್ದು ಹೋಗುತ್ತಿದ್ದ. ನನಗೆ ಒಳಗೊಳಗೇ ಖುಷಿ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮೂರನೆಯ ವರ್ಷ ಕಾಮಾಲೆ ಅವನನ್ನು ಒಂದೇ ವಾರದಲ್ಲಿ ಒಯ್ದಿತು. ಮಾಸ್ತರರು ಜನಾಜಾಕ್ಕೆ ಹೆಗಲು ಕೊಟ್ಟರು, ಮಣ್ಣು ಹಾಕಿ ಬಂದರು.

ತಿಂಗಳಾದ ಮೇಲೆ ಮತ್ತೆ ಆಯ್ಕೆ. ನಾನೊಬ್ಬನೇ ಹಾರುತ್ತಿದ್ದೆ. ಮಾಸ್ತರರು ಗೋಡೆಯಿಂದ ಕಣ್ಣು ಕೀಳದೆ, “ಇಬ್ರೂ ಸರಿಸಮ ಹಾರಾಕತ್ತೀರಿ. ಯಾರ್ನ ಬಿಡ್ಲಿಪಾ?” ಅಂದರು.

“ಸರ್, ನಾ ಒಬ್ಬನ ಅದೀನ್ರಿ,” ಅಂದೆ.

“ನೀ ನೆಟ್ ನೋಡು. ಗ್ವಾಡಿ ನಾ ನೋಡ್ತೇನಿ.” ಗೋಡೆ ನೋಡುತ್ತಲೇ, “ಈ ಸಲ ಇಬ್ರನ್ನೂ ಆಡಸ್ತೇನಿ,” ಅಂದರು.

ನಾನು ಗೋಡೆಯ ಕಡೆ ತಿರುಗಲಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ.

ಆರು ಜನರ ಆಟಕ್ಕೆ ಬಾಗೇವಾಡಿಯ ಪಂದ್ಯದಲ್ಲಿ ಮಾಸ್ತರರು ಐದೇ ಜನರನ್ನು ಇಳಿಸಿದರು. ನೆಟ್ಟಿನ ಮುಂದೆ ನನ್ನ ಎಡಕ್ಕೆ ಒಬ್ಬನ ಜಾಗ ಖಾಲಿ. ಊರ ಪಂದ್ಯ, ಯಾರೂ ತಕರಾರು ಮಾಡಲಿಲ್ಲ, ನಕ್ಕರಷ್ಟೆ. ಕೊನೆಯ ಸೆಟ್ಟಿನಲ್ಲಿ ಎದುರಿನವರಿಗೆ ಒಂದೇ ಪಾಯಿಂಟ್ ಬೇಕಿತ್ತು. ಅವರು ಹೊಡೆದ ಚೆಂಡು ಆ ಖಾಲಿ ಜಾಗದ ಮೇಲೆ ಹಾದು ಗೆರೆಯಾಚೆ ಬಿತ್ತು. ಬದುಕಿಕೊಂಡೆವು ಅಂದುಕೊಂಡೆ.

ಅಂಪೈರ್ ಸೀಟಿ ಊದಿ ಪಾಯಿಂಟನ್ನು ಅವರಿಗೇ ಕೊಟ್ಟರು. “ನಿಮ್ಮ ಕಡಿಯಾಂವನ ಕೈಗೆ ಬಡದ ಹೊರಗ ಹೋಗೇತಿ. ಸಪ್ಪಳಾ ಕೇಳೇನಿ.”

ಸಪ್ಪಳ ನಾನೂ ಕೇಳಿದ್ದೆ.

ಅಂಪೈರರ ಜತೆ ಕಾದಾಡದೆ ಒಂದು ಪಂದ್ಯವನ್ನೂ ಮುಗಿಸದ ಮಾಸ್ತರರು ಅವತ್ತು ಎದ್ದು ನಿಂತು, “ಹೌದ್ರಿ, ಮುಟ್ಟೈತಿ,” ಎಂದು ಸೋಲು ಒಪ್ಪಿಕೊಂಡರು.

ಹತ್ತು ವರ್ಷಗಳ ನಂತರ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದು ಕೇಳಿದರು: “ಖರೇ ಹೇಳು. ಅವತ್ತ ಚೆಂಡ ಮುಟ್ಟಿದಾಂವ ನೀನೇನು?”

“ಅಲ್ರಿ ಸರ್. ನನ್ನ ಕೈ ಒಂದ ಮೊಳ ದೂರ ಇತ್ರಿ.”

ಅವರ ಹಿಡಿತ ಸಡಿಲಾಯಿತು. “ಹಂಗಾರ ಅಂವ ಆಡಿದ,” ಅಂದರು. ಮರುದಿನ ಮಧ್ಯಾಹ್ನ ತೀರಿಕೊಂಡರು.