ಜಪಾನಿನ ಕಡೆಯವನು

ಪಂಪ್‌ಸೆಟ್ ಸರ್ವೆಗೆಂದು ಹೆಮ್ಮಿಗೆಗೆ ಹೋಗಿದ್ದೆ. ಕಟ್ಟೆಯ ಮೇಲೆ ನ್ಯಾಯ ಸೇರಿತ್ತು. ಜಪಾನಿನ ಕಾರ್ಟೂನುಗಳು ಮಕ್ಕಳನ್ನು ಕೆಡಿಸುತ್ತಿವೆ, ಕೇಬಲ್‌ನವನು ಆ ಚಾನೆಲ್ ತೆಗೆಯಬೇಕು ಎಂಬುದು ಮೇಷ್ಟ್ರ ದೂರು. ಎರಡೂ ಕಡೆ ಕೇಳದೆ ತೀರ್ಪು ಕೊಡುವ ಪದ್ಧತಿ ಅಲ್ಲಿಲ್ಲ.

"ಸಾ, ನೀವು ಓದ್ದೋರು. ಜಪಾನ್ ಕಡೆ ನಿಂತ್ಕಳಿ," ಎಂದರು ಊರ ಯಜಮಾನರು. ಮಕ್ಕಳೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

"ಎಲ್ಲಾ ಬರೀ ಹೊಡೆದಾಟ ಕಣ್ರೀ," ಎಂದರು ಮೇಷ್ಟ್ರು.

"ಎಷ್ಟು ನೋಡಿದ್ದೀರಿ?"

"ಒಂದು. ಅದೂ ಅರ್ಧಕ್ಕೇ ಕರೆಂಟ್ ಹೋಯ್ತು."

ಅಡುಗೆ, ಶಾಲೆ, ಬೇಸಾಯದ ಕತೆಗಳೂ ಅದರಲ್ಲಿವೆ, ಅರ್ಧ ನೋಡಿ ಎಲ್ಲವನ್ನೂ ಬೈಯಬೇಡಿ ಎಂದೆ.

ಯಜಮಾನರು ಯೋಚಿಸಿದರು. "ಚಾನೆಲ್ ಇರ್ಲಿ. ಆದ್ರೆ ಮೇಷ್ಟ್ರ ಮನಸ್ಸು ನೋಯಿಸಿದ್ದಕ್ಕೆ ಜಪಾನ್‌ನೋರು ಮಾರಮ್ಮಂಗೆ ತಪ್ಪುಗಾಯಿ ಒಡೀಬೇಕು."

ಜಪಾನಿನವರು ಯಾರೂ ಇರಲಿಲ್ಲವಾದ್ದರಿಂದ ತಪ್ಪಿನ ತೆಂಗಿನಕಾಯಿ ನಾನೇ ಒಡೆದೆ. ದೇಶಕ್ಕೆ ಕ್ಷಮೆ ಸಿಕ್ಕಿರುವ ವಿಷಯ ಟೋಕಿಯೋಗೆ ಇನ್ನೂ ತಲುಪಿದಂತಿಲ್ಲ.