ನಡುಸಾಲಿನ ಐವತ್ತೈದು ಹೆಜ್ಜೆ

ಕಳ್ಳಂಬೆಳ್ಳದ ಕೆರೆ ಹಿಂದಿನ ಆ ಹೊಲಕ್ಕೆ ಮೇಲಿನ ಬದು ನಾಲ್ಕು ಸರಪಳಿ, ಕೆಳಗಿನದು ಆರು, ಎರಡರ ನಡುವಿನ ಅಂತರ ಎಂಟು. ಮೋಜಣಿ ಕೆಲಸಕ್ಕೆ ಹೊಸದಾಗಿ ಸೇರಿದ್ದ ನನಗೆ ಇಂಥ ಹೊಲ ಸಿಕ್ಕರೆ ಹುರುಪು. ಎರಡೂ ಬದು ಕೂಡಿಸಿ, ಅರ್ಧ ಮಾಡಿ, ಅಂತರದಿಂದ ಗುಣಿಸಿದೆ. ನಮ್ಮ ಮೂವತ್ತಮೂರು ಅಡಿಯ ಸರಪಳಿಗೆ ಒಂದು ಚದರ ಸರಪಳಿಯೆಂದರೆ ಒಂದು ಗುಂಟೆ; ನಲವತ್ತು ಗುಂಟೆ, ಸರಿಯಾಗಿ ಒಂದು ಎಕರೆ.

ಹೊಲದ ಒಡತಿ ನಕ್ಕಳು. ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡಿದ್ದವಳು. ಮರುದಿನ ಆ ಹೊಲ ಮೈದುನನ ಪಾಲಿಗೆ ಹೋಗುವುದಿತ್ತು.

"ಯಾಕಿಷ್ಟು ಒದ್ದಾಡ್ತೀರಿ ಸ್ವಾಮಿ? ನಮ್ ಯಜಮಾನ್ರು ನಡುಸಾಲು ಒಂದ್ನೇ ಅಳೀತಿದ್ರು."

ಸರಪಳಿ ಹಿಡಿದು ನೋಡಿದೆ. ಎರಡೂ ಬದುಗಳ ನಟ್ಟನಡುವಿನ ಆ ಸಾಲು ಐದು ಸರಪಳಿ. ನಾನು ಕೂಡಿಸಿ ಅರ್ಧ ಮಾಡಿದಾಗ ಬಂದದ್ದೂ ಐದೇ.

"ಅವ್ರಿಗೆ ಐವತ್ತೈದು ಹೆಜ್ಜೆ. ನೀವೊಂದ್ಸಲ ನಡೀರಿ."

ನಡೆದೆ. ಅರವತ್ತಾರಾಯಿತು.

"ಇಂಗಲ್ಲ ಸ್ವಾಮಿ, ಕಾಲು ನೀಡಿ ಹಾಕಿ. ಆ ತುದಿಯಿಂದ ಬನ್ನಿ. ನಾನು ಬುತ್ತಿ ತಂದು ಈ ತುದೀಲೇ ನಿಂತಿರ್ತಿದ್ದೆ."

ಎರಡನೇ ಸಲಕ್ಕೆ ಅರವತ್ತು. ಅವಳು ತುಟಿಯಲ್ಲೇ ಎಣಿಸುತ್ತಿದ್ದಳು. ಮೂರನೇ ಸಲ ತೊಡೆ ಹಿಡಿದುಕೊಂಡರೂ ಬಿಡದೆ, ಐವತ್ತೈದನೇ ಹೆಜ್ಜೆಗೆ ಅವಳೆದುರು ಬಂದು ನಿಂತೆ. ಅವಳ ಎರಡೂ ಕೈ ಏನನ್ನೋ ಕೊಡುವಂತೆ ಮುಂದೆ ಬಂದವು. ಆಮೇಲೆ ಬರಿಗೈ ನೋಡಿಕೊಂಡು ಸೆರಗಿನೊಳಗೆ ಎಳೆದುಕೊಂಡಳು.

"ಇಷ್ಟೇಯ ಹೊಲ" ಎಂದಳು.

ಅಂದು ಒಂದು ಹೊಲ ಕಡಿಮೆ ಅಳೆದದ್ದಕ್ಕೆ ಮೇಲಿನವರು ಸಮಜಾಯಿಷಿ ಕೇಳಿದರು. ಹೊಲದ ಆಕಾರ ತೊಡಕಿನದಾಗಿತ್ತು ಎಂದು ಬರೆದುಕೊಟ್ಟೆ.