ಗಿರಣಿ ಮಾವನ ಎಮ್ಮೆ

ಆದೋನಿಯ ನಮ್ಮ ಬೀದಿಯ ಕೊನೆಗೆ ಹೊಸದಾಗಿ ಒಂದು ಹಿಟ್ಟಿನ ಗಿರಣಿ ಶುರುವಾಗಿದೆ. ಮೊನ್ನೆ ಜೋಳ ಬೀಸಿಸಿಕೊಂಡು ಬಂದು ಡಬ್ಬಿಗೆ ಸುರಿಯುತ್ತಿದ್ದೆ. ಬಿಸಿ ಹಿಟ್ಟಿನ ಘಮದ ಜೊತೆಗೆ ಕಾದ ಬೆಲ್ಟಿನ ವಾಸನೆಯೂ ಬಂತು. ಕೈ ಹಾಗೇ ನಿಂತಿತು. ಗಿರಣಿ ಮಾವ ನೆನಪಾದರು...

ನಾನು ಮದುವೆಯಾಗಿ ಹೋದದ್ದು ಹಾಲಹರವಿ ಕಡೆಯ, ಮನೆಯಲ್ಲಿ ಕನ್ನಡ, ಸರ್ಕಾರಿ ಕೆಲಸಕ್ಕೆ ತೆಲುಗು ಆಡುವ ಒಂದು ಸಣ್ಣ ಊರಿಗೆ. ನಮ್ಮ ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಅವರು ನಮಗೆ ಸಂಬಂಧಿಕರಲ್ಲ, ಊರಿನ ಸೊಸೆಯಂದಿರಿಗೆಲ್ಲ ಗಿರಣಿ ಮಾವ. ಹೆಂಡತಿ ತೀರಿಹೋಗಿದ್ದರು, ಮಗಳು ಗಂಡನ ಮನೆಯಲ್ಲಿದ್ದಳು. ದೊಡ್ಡ ಆಳು, ಸಣ್ಣ ದನಿ. ಕಲ್ಲಿನ ಸುತ್ತ ಉಳಿದ ಹಿಟ್ಟನ್ನೂ ಗುಡಿಸಿ ಅವರವರ ಚೀಲಕ್ಕೇ ಹಾಕುತ್ತಿದ್ದರು. ಅವರ ಬಾಯಿಂದ ಸುಳ್ಳು ಬಂದದ್ದನ್ನು ಊರಲ್ಲಿ ಯಾರೂ ಕೇಳಿರಲಿಲ್ಲ.

ಅವರ ಹತ್ತಿರ ಒಂದು ಬೆಕ್ಕಿತ್ತು. ಬಣ್ಣ ಕಪ್ಪು, ಆದರೆ ಮೈಮೇಲೆ ಸದಾ ಹಿಟ್ಟು ಕೂತು ಬೂದಿ ಮೆತ್ತಿಕೊಂಡಂತೆ ಕಾಣುತ್ತಿತ್ತು. ಅದಕ್ಕೇ ಹೆಸರು ಬೂದಿ. ಯಾರಾದರೂ ಕೇಳಿದರೆ, "ಇಲಿ ಹಿಡೀತೈತವ್ವಾ, ಅದಕ್ಕ ಇಟ್ಟೀನಿ" ಎನ್ನುತ್ತಿದ್ದರು. ಕರೆಂಟು ಹೋಗಿ ಗಿರಣಿ ಸುಮ್ಮನಾದ ಮಧ್ಯಾಹ್ನಗಳಲ್ಲಿ ಮಾತ್ರ ಬೇರೆಯೇ ಮಾತು ಕೇಳಿಸುತ್ತಿತ್ತು. ಹಾಲಲ್ಲಿ ನೆನೆಸಿದ ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟು, "ತಿನ್ನವ್ವಾ, ನಿಮ್ಮಮ್ಮ ಇದ್ದಿದ್ರ ತುಪ್ಪ ಹಾಕ್ತಿದ್ದಳು" ಎಂದು ಅದರ ಜೊತೆ ಮಾತಾಡುತ್ತಿದ್ದರು. ಬಾಗಿಲಲ್ಲಿ ನನ್ನ ನೆರಳು ಬಿದ್ದರೆ ಸಾಕು, ಬೆಕ್ಕನ್ನು ತೊಡೆಯಿಂದ ಇಳಿಸಿ ಪಂಚೆ ಕೊಡವಿಕೊಳ್ಳುತ್ತಿದ್ದರು. ನಮ್ಮ ಕಡೆ ದನ, ಕುರಿ, ಕಾವಲು ನಾಯಿ ಸಾಕುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ವಯಸ್ಸಾದ ಗಂಡಸು ಬೆಕ್ಕನ್ನು ಮುದ್ದು ಮಾಡಿದರೆ ನಗುತ್ತಾರೆ.

ಒಂದು ಬೆಳಿಗ್ಗೆ ಕರೆಂಟಿದ್ದರೂ ಗಿರಣಿಯ ಸದ್ದಿರಲಿಲ್ಲ. ಜೋಳದ ಬುಟ್ಟಿ ಹೊತ್ತು ಹೋದೆ. ಮಾವ ನೆಲದ ಮೇಲೆ ಕೂತಿದ್ದರು. ಮುಂದೆ ಗೋಣಿಚೀಲದ ಮೇಲೆ ಬೂದಿ ಬಾಯಿ ತೆರೆದು ಮಲಗಿತ್ತು. ರಾತ್ರಿಯಿಂದ ನೋವು ತಿನ್ನುತ್ತಿತ್ತಂತೆ. ಒಂದು ಮರಿ ಸತ್ತೇ ಹುಟ್ಟಿತ್ತು. ಇನ್ನೊಂದು ಅರ್ಧಕ್ಕೇ ಸಿಕ್ಕಿಕೊಂಡಿತ್ತು.

ಮಂಡಲದ ದನದ ಆಸ್ಪತ್ರೆಯ ಕಾಂಪೌಂಡರನಿಗೆ ಅವರು ಆಗಲೇ ಫೋನು ಮಾಡಿದ್ದರು. ಅವನು ಎಲ್ಲೋ ದೂರ ಕುರಿಗಳಿಗೆ ಲಸಿಕೆ ಹಾಕುತ್ತಿದ್ದ. ಬೆಕ್ಕಿನ ಕೆಲಸ ತನಗೆ ಗೊತ್ತಿಲ್ಲ, ಆದೋನಿಗೆ ಒಯ್ಯಿರಿ ಅಂದನಂತೆ. ಆದೋನಿಯ ಬಸ್ಸು ಹೋಗಿಯಾಗಿತ್ತು. ಆಟೋದವನು ಬಾಗಿಲಲ್ಲಿ ಇಣುಕಿ, "ಬೆಕ್ಕಿಗಾ ಮಾವಾ?" ಎಂದು ನಕ್ಕು ಹೋಗಿದ್ದ.

ಮಾವ ಗೋಣಿಚೀಲದ ತುದಿಯನ್ನು ಬೂದಿಯ ಮೈಮೇಲೆ ಎಳೆದರು. ಆಮೇಲೆ ಊರೂರಿಗೆ ಬರುವ ದನಗಳ ಆಂಬುಲೆನ್ಸಿಗೆ ಫೋನು ಹಚ್ಚಿದರು. "ಸಾರ್, ಮಾ ಎನುಮು ಈನಲೇಕ ಸಚ್ಚಿಪೋತಾಂದಿ, ಜಲ್ದಿ ರಾವಾಲ ಸಾರ್." ನಮ್ಮ ಎಮ್ಮೆ ಈಯಲಾಗದೆ ಸಾಯುತ್ತಿದೆ, ಬೇಗ ಬರಬೇಕು ಅಂತ. ತೆಲುಗಿನಲ್ಲಿ ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನಾನು ಸುತ್ತ ನೋಡಿದೆ. ಅವರ ಮನೆಯಲ್ಲಿ ಎಮ್ಮೆಯೇ ಇರಲಿಲ್ಲ. ಫೋನಿಟ್ಟ ಮೇಲೆ ನನ್ನ ಮುಖ ನೋಡದೆ, "ಬೆಕ್ಕು ಅಂದ್ರ ಬರಂಗಿಲ್ಲವ್ವಾ... ಏನ್ ಮಾಡ್ಲಿ" ಅಂದರು.

ವ್ಯಾನು ಬಂದಾಗ ಅದರ ಹಿಂದೆ ಓಣಿಯೇ ಬಂತು. ವಯಸ್ಸಿನ್ನೂ ಚಿಕ್ಕದಾದ ಡಾಕ್ಟರಮ್ಮ ಬೂಟು ಹಾಕಿಕೊಂಡು, ಉದ್ದನೆಯ ಕೈಗವಸು ಹಿಡಿದು ಇಳಿದವರೇ ಎಮ್ಮೆ ಎಲ್ಲಿ ಎಂದು ಕೇಳಿದರು. ಮಾವ ಗೋಣಿಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಓಣಿಗೆ ಓಣಿಯೇ ಹೋ ಎಂದು ನಕ್ಕಿತು. ಡಾಕ್ಟರಮ್ಮ ನಗಲಿಲ್ಲ. "ನಿಮಗೆ ವಯಸ್ಸಾಗಿದೆ, ಇದು ಸರಿಯಾ?" ಎಂದು ತೆಲುಗಿನಲ್ಲಿ ಕೇಳಿದರು. ಮಾವ ಎತ್ತಿದ ಚೀಲವನ್ನು ಇಳಿಸಲಿಲ್ಲ. ತಲೆ ಬಗ್ಗಿಸಿ ನಿಂತೇ ಇದ್ದರು. ಬೂದಿ ಒಮ್ಮೆ ನರಳಿತು. ಡಾಕ್ಟರಮ್ಮ ಉದ್ದ ಕೈಗವಸನ್ನು ಡ್ರೈವರನ ಕೈಗೆ ಕೊಟ್ಟು, ನೆಲದ ಮೇಲೆ ಕೂತೇಬಿಟ್ಟರು.

ಅವರು ಮರಿಯನ್ನು ಬಿಡಿಸುತ್ತಿದ್ದಾಗಲೇ ಡ್ರೈವರನಿಗೆ ಇನ್ನೊಂದು ಫೋನು ಬಂತು. ನಾಲ್ಕಾರು ಹಳ್ಳಿ ಆಚೆಯ ಊರಿಂದ, ಅದೂ ಈಯಲಾಗದ ಎಮ್ಮೆಯದೇ. ಡ್ರೈವರ್ ಮಾವನ ಮುಖವನ್ನೇ ನೋಡುತ್ತಾ ಫೋನಿನಲ್ಲಿ ಕೇಳಿದ: "ನಿಜಂಗಾ ಎನುಮೇನಾ?"

ನಿಜವಾಗಿಯೂ ಎಮ್ಮೆಯೇ ಆಗಿತ್ತು.

ಬೂದಿ ಉಳಿಯಿತು, ಒಂದು ಮರಿಯೂ ಉಳಿಯಿತು. ಮರುದಿನ ಹಾಲಿನ ಡೈರಿಯವನು ಸುದ್ದಿ ತಂದ. ವ್ಯಾನು ಹೋಗಿ ಮುಟ್ಟುವಷ್ಟರಲ್ಲಿ ಆ ಎಮ್ಮೆ ಕಾಲು ಚಾಚಿತ್ತಂತೆ. ಸ್ವಲ್ಪ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು ಎಂದು ಡಾಕ್ಟರಮ್ಮ ಅಂದರಂತೆ. ಮಾವ ಅದನ್ನು ಕೇಳುತ್ತಲೇ ಗಿರಣಿಯ ಸ್ವಿಚ್ಚು ಆರಿಸಿದರು. ಅರ್ಧ ಬೀಸಿದ ಜೋಳ ಕಲ್ಲಿನಲ್ಲೇ ಉಳಿಯಿತು.

ಸಂಜೆ ನಮ್ಮ ಬಾಗಿಲಿಗೆ ಬಂದು, "ಆ ಮನಿಗೆ ಹೋಗಿ ಹೇಳಬೇಕು. ಒಬ್ಬನಽ ಹೋಗಾಕ ಮುಖ ಬರವಲ್ದು, ಬರ್ತಿಯೇನವ್ವಾ?" ಎಂದರು. ಅತ್ತೆಯನ್ನು ಕೇಳಿ ಹೊರಟೆ. ಆಟೋದಲ್ಲಿ ಅವರು ಎದುರಿನ ದಾರಿಯನ್ನೇ ನೋಡುತ್ತಿದ್ದರು. ಅವರು ಫೋನು ಮಾಡುವಾಗ ಪಕ್ಕದಲ್ಲೇ ಇದ್ದವಳು ನಾನು...

ಆ ಮನೆಯ ಹೆಂಗಸು ಕೂಲಿಯಿಂದ ಆಗಷ್ಟೇ ಬಂದಿದ್ದಳು. ಅಂಗಳದಲ್ಲಿ ಗೂಟವಿತ್ತು, ಪಕ್ಕದಲ್ಲಿ ತಿನ್ನದೆ ಬಿಟ್ಟ ಜೋಳದ ಸೊಪ್ಪೆಯಿತ್ತು. ಪರವೂರಿನವರೆಂದು ನಮಗೆ ನೀರು ತಂದುಕೊಟ್ಟಳು. ಮಾವ ಚೊಂಬನ್ನು ಹಿಡಿದುಕೊಂಡೇ, ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ತಾವು ಸುಳ್ಳು ಹೇಳಿ ವ್ಯಾನು ಕರೆಸಿದ್ದು, ಅದು ತಮ್ಮ ಮನೆಯಲ್ಲಿ ನಿಂತಿದ್ದಾಗಲೇ ಇವರ ಫೋನು ಬಂದದ್ದು.

ಆಕೆ ಪೂರ್ತಿ ಕೇಳಿಸಿಕೊಂಡಳು. "ಬೆಕ್ಕು ಉಳೀತೇನ್ರಿ?" ಎಂದು ಕೇಳಿದಳು.

ಮಾವ ಹೌದೆಂದು ತಲೆಯಾಡಿಸಿದರು.

"ಇದನ್ನ ಯಾಕ ಬಂದು ಹೇಳಿದ್ರಿ?" ಅಂದಳು. ದನಿ ಏರಿಸಲಿಲ್ಲ. "ನಮ್ಮ ಹಣೇಬರ ಇಷ್ಟೇ ಅಂತ ನಿನ್ನೆ ಅತ್ತು ಸುಮ್ಮನಾಗಿದ್ವಿ. ಈಗ ನೀವು ಬಂದು ಹೇಳಿ ನಿಮ್ಮ ಎದಿ ಹಗುರ ಮಾಡ್ಕೊಂಡ್ರಿ. ನಾನು ಇನ್ನ ನಿಮ್ಮ ಮ್ಯಾಲೆ ಸಿಟ್ಟು ಇಟ್ಕೊಂಡು ಬದುಕಬೇಕು. ಹೋಗ್ರಿ."

ಮಾವ ನೀರು ಕುಡಿಯದೆ ಚೊಂಬನ್ನು ಕಟ್ಟೆಯ ಮೇಲಿಟ್ಟರು. ಬೈಸಿಕೊಳ್ಳಲು, ಹೊಡೆಸಿಕೊಳ್ಳಲು ಕೂಡ ಅವರು ತಯಾರಾಗಿ ಬಂದಿದ್ದರು. ಇದಕ್ಕೆ ಮಾತ್ರ ತಯಾರಿರಲಿಲ್ಲ. ಊರು ಮುಟ್ಟಿದ ಮೇಲೆ ಒಂದೇ ಮಾತು ಹೇಳಿದರು: "ಆಕಿ ಅಂದಿದ್ದು ಖರೇ ಐತಿ."

ಆಮೇಲೆ ಊರಿನವರು ಜೋಳ ತರುವಾಗ, "ಮಾವಾ, ಎಮ್ಮಿ ಎಷ್ಟು ಹಾಲು ಕೊಡ್ತೈತಿ?" ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ. ಬೂದಿ ಮೊದಲಿನ ಹಾಗೆ ತೊಡೆ ಏರಲು ಬಂದರೆ ಕೈಯಿಂದ ಮೆಲ್ಲಗೆ ಸರಿಸುತ್ತಿದ್ದರು. ಅದಕ್ಕೆ ಹೊತ್ತು ಹೊತ್ತಿಗೆ ಹಾಲು ರೊಟ್ಟಿ ಹಾಕುತ್ತಿದ್ದರು. ಆದರೆ ಗೋಡೆಯಾಚೆಯಿಂದ ಆ ಮಧ್ಯಾಹ್ನದ ಮಾತು ನನಗೆ ಮತ್ತೆ ಕೇಳಿಸಲಿಲ್ಲ...

ನಾವು ಆದೋನಿಗೆ ಬಂದ ಮೇಲೆ ಮಾವ ತೀರಿಕೊಂಡರು. ಮಣ್ಣಿಗೆ ಹೋದಾಗ ಅಲ್ಲಿ ಕೂತವರು ಎಮ್ಮೆಯ ಕತೆ ಹೇಳಿ, ಕಣ್ಣೊರೆಸಿಕೊಂಡು ನಗುತ್ತಿದ್ದರು. ಆ ಇನ್ನೊಂದು ಮನೆಯ ಅಂಗಳದ ಸಂಗತಿ ಅವರಾರಿಗೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಈಗ ನಮ್ಮ ಮನೆಯಲ್ಲೂ ಒಂದು ಬೆಕ್ಕಿದೆ. ಇಲ್ಲಿ ದನದ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಹೋದ ವಾರ ಅದು ಏನೋ ತಿಂದು ನೊರೆ ಕಾರತೊಡಗಿದಾಗ ಬುಟ್ಟಿಯಲ್ಲಿಟ್ಟುಕೊಂಡು ಓಡಿದೆ. ಸರದಿಯಲ್ಲಿ ನನ್ನ ಹಿಂದೆ ಒಬ್ಬ ಹೆಂಗಸು ಹೊಟ್ಟೆಯುಬ್ಬಿದ ಕುರಿಯನ್ನು ತಬ್ಬಿಕೊಂಡು ನಿಂತಿದ್ದಳು. ನನಗರಿವಿಲ್ಲದೆಯೇ ಪಕ್ಕಕ್ಕೆ ಸರಿದು ಆಕೆಗೆ ದಾರಿ ಬಿಟ್ಟೆ.

"ನಿಮ್ದು ಅರ್ಜೆಂಟ್ ಇಲ್ಲೇನ್ರಿ?" ಎಂದಳು.

"ಐತ್ರಿ" ಅಂದೆ. ಬುಟ್ಟಿಯ ಮುಚ್ಚಳ ತೆಗೆದು ನೋಡಲು ಧೈರ್ಯವಾಗಲಿಲ್ಲ. "ನೀವು ಹೋಗ್ರಿ."